ಬೂಷ್ಟಿನಂತೆ ಕಂಡದ್ದೆಲ್ಲ ಫಂಗಸ್ ಅಲ್ಲ

ಮಳೆಗಾಲ ಶುರುವಾದರೆ ಬೆಳೆಯ ರೋಗ ನೋಡುವ ನನ್ನ ಫೋನಿಗೆ ಬಿಡುವಿಲ್ಲ. ಉದುರಿದ ಅಡಿಕೆಯ ಫೋಟೊ, ಅದರ ಮೇಲೆ ಬಿಳಿ ಬೂಷ್ಟು, ಕೆಳಗೆ ಒಂದೇ ಪ್ರಶ್ನೆ: "ಮೇಡಂ, ಫಂಗಸ್ಸಿನ ಔಷಧಿ ಹೊಡೆದೆ. ಕೊಳೆ ನಿಲ್ಲಲಿಲ್ಲ. ಔಷಧಿ ಡೂಪ್ಲಿಕೇಟಾ?"

ಇರಲೂಬಹುದು, ನಾನು ಇಲ್ಲ ಅನ್ನುವುದಿಲ್ಲ. ಆದರೆ ವಿಚಾರಿಸುತ್ತಾ ಹೋದರೆ ಜಾಸ್ತಿ ಸಲ ಸಿಗುವ ಉತ್ತರ ಬೇರೆ. ಔಷಧಿ ಸರಿಯಾಗಿಯೇ ಇತ್ತು, ಆ ಜೀವಿಗೆ ಅದು ಔಷಧಿಯೇ ಅಲ್ಲ. ಅಡಿಕೆಗೆ ಕೊಳೆರೋಗ ತರುವ ಫೈಟಾಫ್ತೊರಾ ಎಂಬ ಜೀವಿ ನಿಜವಾದ ಫಂಗಸ್ ಅಲ್ಲ. ನಾನು ಪ್ರತಿ ಮಳೆಗಾಲ ಇದನ್ನು ಹೇಳುತ್ತೇನೆ. "ಆಯ್ತು ಮೇಡಂ" ಅಂತಾರೆ, ಅಂಗಡಿಗೆ ಹೋಗಿ ಮತ್ತೆ ಅದೇ ಪೊಟ್ಟಣ ತರುತ್ತಾರೆ. ಬೇಸರವಾಗುತ್ತದೆ. ಮಳೆಯಲ್ಲಿ ಜಾರುವ ಮರ ಹತ್ತಿ ಹೊಡೆಯುವವರ ಜೀವದ ಪ್ರಶ್ನೆಯೂ ಇದರಲ್ಲಿದೆ, ಅಲ್ವಾ?

ಗೊಂದಲ ಆಗುವುದು ಸಹಜವೇ. ಫೈಟಾಫ್ತೊರಾ ಕೂಡ ಫಂಗಸ್ಸಿನ ಹಾಗೇ ದಾರದಂತೆ ಬೆಳೆಯುತ್ತದೆ. ಬಿಳಿಯಾಗಿ ಹರಡುತ್ತದೆ. ಬೀಜಕಣ ಬಿಡುತ್ತದೆ. ಹಳೆಯ ಪಠ್ಯಪುಸ್ತಕಗಳು ಇದನ್ನು ಫಂಗಸ್ ಎಂದೇ ಬರೆದವು. ತಿಮಿಂಗಿಲವನ್ನು ಮೀನು ಅಂದುಕೊಂಡ ಹಾಗೆ. ಒಳಗೆ ನೋಡಿದರೆ ಎಲ್ಲವೂ ಬೇರೆ. ಫಂಗಸ್ಸಿನ ಜೀವಕೋಶದ ಗೋಡೆಯಲ್ಲಿ ಕೈಟಿನ್ ಇರುತ್ತದೆ, ಸಿಗಡಿಯ ಚಿಪ್ಪಿನಲ್ಲಿ ಇರುವುದೂ ಅದೇ. ಫೈಟಾಫ್ತೊರಾದ ಗೋಡೆಯಲ್ಲಿ ಗಿಡಗಳಲ್ಲಿರುವಂತೆ ಸೆಲ್ಯುಲೋಸ್ ಇದೆ. ಇದರ ನೆಂಟರು ಸಮುದ್ರದ ಕಂದು ಪಾಚಿಗಳು. ಫಂಗಸ್ಸಿಗಾದರೋ ಪ್ರಾಣಿಗಳೇ ಹತ್ತಿರದ ಸಂಬಂಧಿಗಳು. ಅಂದರೆ ಅಣಬೆ ನಮಗೆ ಎಷ್ಟು ಹತ್ತಿರವೋ, ಕೊಳೆಯ ಜೀವಿಗೆ ಅಷ್ಟೂ ಹತ್ತಿರವಲ್ಲ.

ಇದು ಪರೀಕ್ಷೆಗೆ ಬಾಯಿಪಾಠ ಮಾಡುವ ವಿಷಯ ಅಂದುಕೊಳ್ಳಬೇಡಿ. ಕಾರ್ಬೆಂಡಜಿಮ್ ಎಂಬ ಔಷಧಿ ಫಂಗಸ್ಸಿನ ಕೋಶ ಒಡೆದು ಎರಡಾಗಲು ಬೇಕಾದ ಒಂದು ಪ್ರೋಟೀನಿಗೆ ಅಂಟಿಕೊಂಡು ಕೆಲಸ ಮಾಡುತ್ತದೆ. ಫೈಟಾಫ್ತೊರಾದಲ್ಲಿ ಆ ಪ್ರೋಟೀನಿನ ಆಕಾರ ಬೇರೆ, ಔಷಧಿ ಅಂಟುವುದಿಲ್ಲ. ಪ್ರೊಪಿಕೊನಜೋಲ್, ಟೆಬುಕೊನಜೋಲ್ ಇಂಥವು ಫಂಗಸ್ ತನ್ನ ಕೋಶದ ಪೊರೆಗಾಗಿ ತಯಾರಿಸುವ ಎರ್ಗೊಸ್ಟೆರಾಲನ್ನು ತಡೆಯುತ್ತವೆ. ಫೈಟಾಫ್ತೊರಾ ಅದನ್ನು ತಯಾರಿಸುವುದೇ ಇಲ್ಲ. ಇಲ್ಲದ ಕೆಲಸವನ್ನು ನಿಲ್ಲಿಸುವುದು ಹೇಗೆ? ಮೆಟಲಾಕ್ಸಿಲ್ ಇದಕ್ಕೆ ಉಲ್ಟಾ. ಫೈಟಾಫ್ತೊರಾದ ಬಳಗಕ್ಕೆ ಅದು ತಾಗುತ್ತದೆ, ನಿಜವಾದ ಫಂಗಸ್ಸಿಗೆ ತಾಗುವುದಿಲ್ಲ.

ಕೊಪ್ಪದ ಕಡೆಯ ಹಿರಿಯರೊಬ್ಬರು ನನ್ನ ಜೊತೆ ವಾದಕ್ಕೇ ಇಳಿದಿದ್ದರು. "ಕಾಫಿಗೂ ಕೊಳೆ ಬಂದಿತ್ತು ಮೇಡಂ. ಕಾರ್ಬೆಂಡಜಿಮ್ ಹೊಡೆದೆ, ನಿಂತಿತು. ಅಡಿಕೆಗೆ ಯಾಕೆ ನಿಲ್ಲಲ್ಲ?" ಒಳ್ಳೆಯ ಪ್ರಶ್ನೆ. ಕಾಫಿಯ ಕೊಳೆರೋಗ ತರುವುದು ನಿಜವಾದ ಫಂಗಸ್, ಅಣಬೆಗಳ ಬಳಗದ್ದೇ. ಕಪ್ಪಾದ ಎಲೆಗಳು ಅದರ ದಾರಕ್ಕೇ ನೇತಾಡುತ್ತಿರುತ್ತವೆ. ಹೆಸರು ಒಂದೇ, ತೋಟ ಒಂದೇ, ಮಳೆಯೂ ಒಂದೇ, ಜೀವಿ ಮಾತ್ರ ಬೇರೆ. ಅವರಿಗೆ ಎರಡನ್ನೂ ಸೂಕ್ಷ್ಮದರ್ಶಕದಲ್ಲಿ ತೋರಿಸಿದೆ. ತುಂಬಾ ಹೊತ್ತು ನೋಡಿದರು. ಆಮೇಲೆ ಮೊಮ್ಮಗಳನ್ನೂ ಕರೆದುಕೊಂಡು ಬಂದರು. ಇಂಥವರಿಗಾಗಿಯೇ ನನಗೆ ಈ ಕೆಲಸ ಇಷ್ಟ.

ಹಿಂದಿನವರಿಗೆ ಈ ತಲೆನೋವು ಇರಲಿಲ್ಲ, ಅದಕ್ಕೂ ಕಾರಣ ಇದೆ. ಮೊದಲು ಗೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುತ್ತಿದ್ದರು. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದು ಕೊಳೆರೋಗವನ್ನು ಅಧ್ಯಯನ ಮಾಡಿದರು. ಬೋರ್ಡೋ ದ್ರಾವಣವನ್ನು ಮಲೆನಾಡಿನ ಅಡಿಕೆ ತೋಟಗಳಿಗೆ ಮುಟ್ಟಿಸಿದವರು ಅವರು. ಅದರಲ್ಲಿರುವ ತಾಮ್ರ ಕೋಶದ ಹತ್ತಾರು ಪ್ರೋಟೀನುಗಳನ್ನು ಒಟ್ಟಿಗೇ ಕೆಡಿಸುತ್ತದೆ. ಫಂಗಸ್ ಇರಲಿ, ಫೈಟಾಫ್ತೊರಾ ಇರಲಿ, ತಾಮ್ರಕ್ಕೆ ಭೇದವಿಲ್ಲ. ಹಾಗಾಗಿ ಯಾವ ಗುಂಪಿನ ಜೀವಿ ಎಂದು ಕೇಳುವ ಅಗತ್ಯವೇ ಬೀಳಲಿಲ್ಲ. ಒಂದೇ ಗುರಿಗೆ ಹೊಡೆಯುವ ಹೊಸ ಔಷಧಿಗಳು ಬಂದ ಮೇಲೆ ಆ ಪ್ರಶ್ನೆ ಕೇಳಲೇಬೇಕಾಯಿತು.

ಬೋರ್ಡೋ ಈಗಲೂ ಮೊದಲ ಆಯ್ಕೆ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ. ಆದರೆ ಅದು ಕಾಯಿಯ ಮೇಲೆ ಮೊದಲೇ ಕೂತಿರಬೇಕು. ಫೈಟಾಫ್ತೊರಾದ ಬೀಜಕಣಕ್ಕೆ ಎರಡು ಬಾಲ ಇರುತ್ತವೆ, ಕಾಯಿಯ ಮೇಲಿನ ನೀರಿನ ತೆಳು ಪದರದಲ್ಲಿ ಈಜುತ್ತದೆ. ಒಳಗೆ ಹೊಕ್ಕ ಮೇಲೆ ಹೊರಗಿನ ತಾಮ್ರ ಅದನ್ನು ಮುಟ್ಟಲಾರದು. ಮುಂಗಾರಿಗೆ ಮುಂಚೆ ಒಂದು ಸಲ, ನಲವತ್ತು-ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ ಎನ್ನುವುದು ಇದಕ್ಕೇ. ಮಳೆ ಎಳೆದರೆ ಮೂರನೆಯದೂ ಬೇಕಾಗಬಹುದು. ನಿಮ್ಮ ತೋಟಕ್ಕೆ ಎಷ್ಟು ಎಂದು ತೋಟಗಾರಿಕೆ ಇಲಾಖೆಯವರನ್ನೋ ಕೃಷಿ ವಿಜ್ಞಾನ ಕೇಂದ್ರದವರನ್ನೋ ಕೇಳಿ.

ಎಲೆಚುಕ್ಕಿ ರೋಗದ ಕಥೆ ಬೇರೆ. ಅಲ್ಲಿರುವ ಕೊಲೆಟೋಟ್ರೈಕಮ್ ನಿಜವಾದ ಫಂಗಸ್. ಕೊಳೆಗೆ ತಂದ ಮೆಟಲಾಕ್ಸಿಲ್ ಉಳಿದಿದೆ ಅಂತ ಸುಮ್ನೆ ಅದನ್ನೇ ಎಲೆಗೆ ಹೊಡೆದರೆ ದುಡ್ಡು ದಂಡ. ಹಳದಿ ಎಲೆ ರೋಗಕ್ಕೆ ಕಾರಣ ಫೈಟೊಪ್ಲಾಸ್ಮಾ. ಅದು ಗೋಡೆಯೇ ಇಲ್ಲದ ಬ್ಯಾಕ್ಟೀರಿಯಾ. ಫಂಗಸ್ಸಿನ ಔಷಧಿಯಾಗಲಿ, ಫೈಟಾಫ್ತೊರಾದ ಔಷಧಿಯಾಗಲಿ ಅದಕ್ಕೆ ಲೆಕ್ಕವಿಲ್ಲ.

ಫೋಟೊ ನೋಡಿ ನಾನು ಹೆಸರು ಹೇಳುವುದಿಲ್ಲ, ಹೇಳಬಾರದು ಕೂಡ. ಆಗಷ್ಟೇ ಉದುರಿದ ಕಾಯಿ ನಾಲ್ಕೈದು ತನ್ನಿ. ಪ್ಲಾಸ್ಟಿಕ್ ಕವರಿನಲ್ಲಿ ಬೇಡ, ಬೆವರಿ ಬೇರೆ ಬೂಷ್ಟು ಬೆಳೆಯುತ್ತದೆ. ಪೇಪರಿನಲ್ಲಿ ಸುತ್ತಿ. ಏನು ಹೊಡೆದಿದ್ದೀರಿ, ಯಾವತ್ತು ಹೊಡೆದಿರಿ ಎಂದು ಆ ಪೇಪರಿನ ಮೇಲೇ ಬರೆದುಬಿಡಿ.