ಬಿಳಿ ಕಲೆಗೆ ಉಪ್ಪು ಕಾಗದ ಮದ್ದಲ್ಲ

ಬಿಸಿ ಕಾಫಿ ಲೋಟ ಇಟ್ಟು ಬಿಳಿ ಉಂಗುರ ಮೂಡಿದ ಮೇಜು ಆ ವಾರವೇ ನನ್ನ ಕೈಗೆ ಸಿಕ್ಕರೆ ಅರ್ಧ ಗಂಟೆಯ ಕೆಲಸ. ಮನೆಯವರ ಪ್ರಯೋಗಗಳೆಲ್ಲ ಮುಗಿದು ತಿಂಗಳ ನಂತರ ಬಂದರೆ ಮೂರು ದಿನ ಬೇಕು. ಈ ನಡುವೆ ಏನಾಗಿರುತ್ತದೆ ಎಂದು ನಾನು ಕೇಳುವುದನ್ನೂ ಬಿಟ್ಟಿದ್ದೇನೆ. ಯಾರೋ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಉಪ್ಪು ಕಾಗದ ತಂದಿರುತ್ತಾರೆ. ಅದೂ 80 ನಂಬರಿನ ಒರಟು ಕಾಗದ.

ಶಿವಮೊಗ್ಗದಲ್ಲಿ ಹಳೆಯ ಮರದ ಸಾಮಾನುಗಳಿಗೆ ಪಾಲಿಶ್ ಮಾಡುತ್ತ 22 ವರ್ಷಗಳಾದವು. ಗೀರು, ಚಕ್ಕೆ ಎದ್ದದ್ದು, ಇಲಿ ಕಡಿದದ್ದು ಎಲ್ಲವನ್ನೂ ನೋಡಿದ್ದೇನೆ. ಅವುಗಳ ಬಗ್ಗೆ ನನ್ನ ತಕರಾರಿಲ್ಲ, ವಸ್ತು ಬಳಸಿದರೆ ಸವೆಯುತ್ತದೆ. ನನ್ನ ತಕರಾರು ಈ ಉಜ್ಜುವ ಚಟದ ಬಗ್ಗೆ.

ಬಣ್ಣ ಕೊಟ್ಟ ಮೇಜಿನಲ್ಲಿ ಬಣ್ಣ ಬೇರೆ, ಪಾಲಿಶ್ ಬೇರೆ. ಬಣ್ಣ ಮರದ ಮೈಯೊಳಗೆ ಇಳಿದಿರುತ್ತದೆ, ಆದರೆ ಹೆಚ್ಚು ಆಳಕ್ಕೇನೂ ಇಳಿದಿರುವುದಿಲ್ಲ. ಅದರ ಮೇಲೆ ಗಾಜಿನಷ್ಟು ತಿಳಿಯಾದ ಪಾಲಿಶಿನ ಪದರವಿರುತ್ತದೆ. ಎಷ್ಟು ದಪ್ಪ ಎಂದರೆ ಒಂದು ತಲೆಗೂದಲಿನ ಆಸುಪಾಸು. ಬಿಳಿ ಉಂಗುರ ಕೂತಿರುವುದು ಈ ಮೇಲಿನ ಪದರದಲ್ಲಿ. ಕೆಳಗಿನ ಮರಕ್ಕೆ, ಮರದ ಬಣ್ಣಕ್ಕೆ ಏನೂ ಆಗಿರುವುದಿಲ್ಲ. ಹೀಗೆ ಹೇಳಿದಾಗ ಎಲ್ಲರೂ ತಲೆಯಾಡಿಸುತ್ತಾರೆ, ಮನೆಗೆ ಹೋಗಿ ಮತ್ತೆ ಉಜ್ಜುತ್ತಾರೆ. ಹಾಗಾಗಿ ಇನ್ನೊಂದು ರೀತಿಯಲ್ಲಿ ಹೇಳುತ್ತೇನೆ. ಕಾಯಿಸಿದ ತುಪ್ಪ ತಿಳಿಯಾಗಿದ್ದು ಪಾತ್ರೆಯ ತಳ ಕಾಣುತ್ತದೆ. ಚಳಿಗೆ ಹೆಪ್ಪುಗಟ್ಟಿದರೆ ಬೆಳ್ಳಗಾಗಿ ತಳ ಮರೆಯಾಗುತ್ತದೆ. ಆಗ ಯಾರಾದರೂ ಪಾತ್ರೆಯ ತಳವನ್ನು ಉಜ್ಜುತ್ತಾರೆಯೇ? ಪಾಲಿಶಿನ ಕಥೆಯೂ ಅಷ್ಟೇ. ಬಿಸಿಗೆ ಮೆತ್ತಗಾದ ಪದರದೊಳಗೆ ನೀರಿನ ಪಸೆ ಸೇರಿ, ಬೆಳಕು ನೇರವಾಗಿ ಹಾಯದೆ ಚದುರುತ್ತದೆ. ನಮಗೆ ಬಿಳಿಯಾಗಿ ಕಾಣುತ್ತದೆ. ಪಸೆ ಹೊರಗೆ ಹೋದರೆ ಕಲೆಯೂ ಹೋಗುತ್ತದೆ.

ಹೀಗಿರುವಾಗ ಉಪ್ಪು ಕಾಗದ ಹಿಡಿದು ಉಜ್ಜಿದರೆ ಮೊದಲು ಪಾಲಿಶ್ ಹೋಗುತ್ತದೆ, ಮರುಕ್ಷಣದಲ್ಲಿ ಬಣ್ಣವೂ ಹೋಗುತ್ತದೆ. ಹಳೆಯ ಬೀಟೆ ಮೇಜಾದರೆ ಒಳಗೂ ಕಪ್ಪು ಮರವೇ ಇರುವುದರಿಂದ ಮಾನ ಉಳಿಯುತ್ತದೆ. ಈಗ ಮನೆಮನೆಗೆ ಬಂದಿರುವ ಊಟದ ಮೇಜುಗಳಲ್ಲಿ ಎಷ್ಟೋ ರಬ್ಬರ್ ಮರದವು. ಅದರ ನಿಜವಾದ ಬಣ್ಣ ಕೆನೆಹಾಲಿನದು. ಲೋಟದಗಲದ ಮಂಕು ಉಂಗುರವಿದ್ದ ಜಾಗದಲ್ಲಿ ಊಟದ ತಟ್ಟೆಯಗಲದ ಬೆಳ್ಳನೆಯ ಬಯಲು ಏಳುತ್ತದೆ. ವೆನೀರ್ ಅಂಟಿಸಿದ ಪ್ಲೈವುಡ್ ಆದರಂತೂ ಮೇಲಿನ ಮರದ ಹಾಳೆ ಅರ್ಧ ಮಿಲಿಮೀಟರಿನ ಆಸುಪಾಸು. ಅದನ್ನು ಸವೆಸಿ ತಂದವರಿಗೆ ನಾನು ಕುಡಿಯಲು ನೀರು ಕೊಡುತ್ತೇನೆ, ಭರವಸೆ ಕೊಡುವುದಿಲ್ಲ.

ಹಾಗಾದರೆ ಮಾಡುವುದೇನು? ಮೊದಲು, ಏನೂ ಮಾಡಬೇಡಿ. ಒಣ ಬಟ್ಟೆಯಲ್ಲಿ ಒರೆಸಿ ನಾಲ್ಕೈದು ದಿನ ಗಾಳಿಯಾಡಲು ಬಿಡಿ. ಒಂದು ಜೂನ್ ತಿಂಗಳಲ್ಲಿ ತೀರ್ಥಹಳ್ಳಿ ಕಡೆಯಿಂದ ಒಬ್ಬ ತಾಯಿ ಫೋನ್ ಮಾಡಿ, ಬೀಗರು ಬರುವ ಹೊತ್ತಿಗೆ ಕಲೆ ಹೋಗಲೇಬೇಕು ಎಂದು ಅಳುವಂತಾಗಿದ್ದರು. ನಾಲ್ಕು ದಿನ ಮುಟ್ಟಬೇಡಿ ಎಂದೆ. ಐದನೆಯ ದಿನ ಉಂಗುರ ಮಾಯವಾಗಿತ್ತಂತೆ. ಆಮೇಲೆ ಪೇಟೆಗೆ ಬಂದಾಗ ಒಂದು ಕಟ್ಟು ಹಲಸಿನ ಹಪ್ಪಳ ಕೊಟ್ಟು ಹೋದರು. ಏನೂ ಮಾಡದೆ ಸಂಪಾದಿಸಿದ್ದು ಅದೊಂದೇ.

ಹೋಗದಿದ್ದರೆ ಮೇಜಿನ ಅಡಿಯಲ್ಲಿ, ಕಣ್ಣಿಗೆ ಬೀಳದ ಕಡೆ, ಒಂದು ಹನಿ ಪಾಲಿಶ್ ಸ್ಪಿರಿಟ್ ಹಚ್ಚಿ ನೋಡಿ. ಬೆರಳಿಗೆ ಅಂಟಿದರೆ ಅದು ಅರಗಿನ ಪಾಲಿಶ್, ನಮ್ಮವರು ಫ್ರೆಂಚ್ ಪಾಲಿಶ್ ಎನ್ನುವುದು. ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಕೊಡುವ ಅದೇ ಅರಗು, ಇಲ್ಲಿ ಸ್ಪಿರಿಟ್ಟಿನಲ್ಲಿ ಕರಗಿಸಿದ್ದು. ಸ್ಪಿರಿಟ್ಟಿಗೆ ಜಗ್ಗದೆ ಥಿನ್ನರ್‌ಗೆ ಮೆತ್ತಗಾದರೆ ಲ್ಯಾಕರ್. ಎರಡಕ್ಕೂ ಅಲುಗಾಡದಿದ್ದರೆ ಹೆಚ್ಚಾಗಿ ಮೆಲಮೈನ್ ಅಥವಾ ಪಿಯು, ಅಂದರೆ ಪಾಲಿಯುರೆಥೇನ್ ಪಾಲಿಶ್. ಅವುಗಳ ಮೇಲೆ ಮನೆಮದ್ದು ಸಾಮಾನ್ಯವಾಗಿ ನಡೆಯುವುದಿಲ್ಲ, ಕೆಲಸ ಗೊತ್ತಿದ್ದವರನ್ನು ಕರೆಯುವುದು ಕ್ಷೇಮ.

ಅರಗಿನ ಪಾಲಿಶ್ ಆದರೆ ಮೆತ್ತನೆಯ ಹತ್ತಿ ಬಟ್ಟೆಗೆ ಸ್ಪಿರಿಟ್ ಸೋಕಿಸಿ, ಹಿಂಡಿ, ಬಟ್ಟೆ ಹೆಚ್ಚುಕಡಿಮೆ ಒಣಗಿದೆ ಎನ್ನುವಂತಾದ ಮೇಲೆ ಕಲೆಯ ಮೇಲೆ ಹಾಗೇ ಹಾಯಿಸಬೇಕು. ನಿಲ್ಲಿಸಬಾರದು, ಒತ್ತಬಾರದು. ನನ್ನ ಗುರುಗಳು ನೊಣ ಓಡಿಸುವ ಹಾಗೆ ಎನ್ನುತ್ತಿದ್ದರು. ನಿಂತಲ್ಲಿ ಪಾಲಿಶ್ ಕಿತ್ತು ಬರುತ್ತದೆ. ಸ್ಪಿರಿಟ್ ಹಿಡಿದಾಗ ಹತ್ತಿರ ದೀಪ, ಒಲೆ ಇರಕೂಡದು. ಇದಕ್ಕೆ ಧೈರ್ಯ ಸಾಲದವರು ಜರಡಿ ಹಿಡಿದ ನುಣ್ಣನೆಯ ವಿಭೂತಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ಬೆರಳ ತುದಿಯಿಂದ ಮರದ ಎಳೆಗಳ ದಿಕ್ಕಿನಲ್ಲಿ ಹಗುರವಾಗಿ ತಿಕ್ಕಿ ಒರೆಸಬಹುದು. ಮೇಲುಮೇಲಿನ ಕಲೆ ಇದರಲ್ಲಿ ಹೋಗುವುದನ್ನು ನೋಡಿದ್ದೇನೆ. ಎಲ್ಲ ಕಲೆಯೂ ಹೋಗುತ್ತದೆ ಎಂದು ನಾನು ಹೇಳಿದೆನೆಂದು ಮಾತ್ರ ಹೇಳಬೇಡಿ. ಕಲೆಯ ಮೇಲೆ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆ ಆಡಿಸುವ ಉಪಾಯವೂ ಇದೆ, ಆದರೆ ಅರಗು 75 ಡಿಗ್ರಿಯ ಆಸುಪಾಸಿನಲ್ಲೇ ಕರಗತೊಡಗುತ್ತದೆ. ಸ್ವಲ್ಪ ಮೈಮರೆತರೂ ಬಟ್ಟೆಯ ನೇಯ್ಗೆ ಮೇಜಿನ ಮೇಲೆ ಅಚ್ಚೊತ್ತುತ್ತದೆ.

ಇನ್ನು ಮಳೆಗಾಲದಲ್ಲಿ ಹೊಸದಾಗಿ ಅರಗಿನ ಪಾಲಿಶ್ ಹಚ್ಚಿಸಲೇಬೇಡಿ. ಸ್ಪಿರಿಟ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಇಡೀ ಮೇಜು ಮಂಜು ಕವಿದಂತಾಗುತ್ತದೆ. ಆಷಾಢದಲ್ಲಿ ಅವಸರ ಮಾಡುವ ಗಿರಾಕಿಗಳನ್ನು ನಾನು ದೀಪಾವಳಿಗೆ ಬನ್ನಿ ಎಂದು ಕಳುಹಿಸುತ್ತೇನೆ. ಕೆಲವರು ಬೇರೆ ಅಂಗಡಿಗೆ ಹೋಗುತ್ತಾರೆ, ಕೆಲವರು ದೀಪಾವಳಿಗೆ ಅದೇ ಮೇಜು ಹೊತ್ತು ಬರುತ್ತಾರೆ.

ಕಪ್ಪು ಕಲೆ ಬಂದರೆ ಮಾತು ಬೇರೆ. ಅದು ಪಾಲಿಶ್ ದಾಟಿ ಮರಕ್ಕೇ ಇಳಿದಿದೆ ಎಂದು ಅರ್ಥ. ನಮ್ಮ ಕಡೆ ಇದರ ಮುಖ್ಯ ಆರೋಪಿ ಅಡಕತ್ತರಿ. ಎಲೆ ಅಡಿಕೆ ಮುಗಿಸಿ, ತೇವದ ಕೈಯಲ್ಲೇ ಅದನ್ನು ಮೇಜಿನ ಮೇಲೆ ಇಟ್ಟು ಮಲಗುತ್ತಾರೆ. ಕಬ್ಬಿಣ, ನೀರು, ಮರದಲ್ಲಿರುವ ಒಗರಿನ ಅಂಶ ಮೂರೂ ಸೇರಿದರೆ ಶಾಯಿಯಾಗುತ್ತದೆ. ಅಳಲೆಕಾಯಿ ಮತ್ತು ಕಬ್ಬಿಣದಿಂದ ಕಪ್ಪು ಬಣ್ಣ ತಯಾರಿಸುತ್ತಿದ್ದುದು ಇದೇ ಗುಣದಿಂದ. ಪಕ್ಕದಲ್ಲಿ ಚೆಲ್ಲಿದ ಸುಣ್ಣವೂ ಕಡಿಮೆಯದಲ್ಲ, ಕ್ಷಾರಕ್ಕೆ ಅರಗು ಕರಗುತ್ತದೆ. ಕಪ್ಪು ಕಲೆ ತೆಗೆಯಲು ಪಾಲಿಶ್ ಪೂರ್ತಿ ಇಳಿಸಿ ಆಕ್ಸಾಲಿಕ್ ಆಮ್ಲ ಬಳಸಬೇಕಾಗುತ್ತದೆ. ಅದು ವಿಷ. ಮಕ್ಕಳಿರುವ ಮನೆಯಲ್ಲಿ ಇದನ್ನು ನೀವೇ ಮಾಡಿ ಎಂದು ನಾನು ಹೇಳಲಾರೆ.

ಕಳೆದ ವರ್ಷ ಒಬ್ಬ ನಿವೃತ್ತ ಮೇಷ್ಟ್ರು ಆಟೋದಲ್ಲಿ ಮೇಜಿನ ಹಲಗೆಯನ್ನೇ ಬಿಚ್ಚಿ ತಂದರು. ಸೊಸೆ ಕುಕ್ಕರ್ ಇಟ್ಟ ಕಲೆ. ಅವಳಿಗೆ ಬೇಸರವಾಗಬಾರದೆಂದು, ಅವಳು ತವರಿಗೆ ಹೋದ ವಾರ ನೋಡಿ ಇವರೇ ಉಜ್ಜಿದ್ದರು. ಬೆಳ್ಳಗಾದದ್ದಕ್ಕೆ ಹೆದರಿ ಮೇಲೆ ಕಂದು ಬೂಟ್ ಪಾಲಿಶ್ ಬಳಿದಿದ್ದರು. ಬೈಯಬೇಕೆಂದು ಬಾಯಿ ತೆರೆದವನು ಸುಮ್ಮನಾದೆ. ಬೂಟ್ ಪಾಲಿಶಿನ ಮೇಣ ತೆಗೆಯುವುದಕ್ಕೇ ಒಂದು ದಿನ ಹೋಯಿತು. ಬಣ್ಣವನ್ನು ನಾಲ್ಕು ಸಲ ತೆಳುವಾಗಿ ಕೊಟ್ಟು ಸುತ್ತಲಿನದಕ್ಕೆ ಹೊಂದಿಸಿದೆ. ಬಾಗಿಲ ಬೆಳಕಿನಲ್ಲಿ ಓರೆಯಾಗಿ ನೋಡಿದರೆ ನನಗೆ ಈಗಲೂ ಕಾಣುತ್ತದೆ, ಅವರಿಗೆ ಕಾಣಲಿಲ್ಲ.

ಹಣ ಎಣಿಸಿ ಕೊಟ್ಟು, ಚೀಲದಿಂದ ಮೂರು ಹಾಳೆ ಹೊಸ ಉಪ್ಪು ಕಾಗದ ತೆಗೆದು, "ಇದು ಉಳಿದುಬಿಟ್ಟಿದೆ, ಏನು ಮಾಡಲಿ?" ಎಂದು ಕೇಳಿದರು.

"ಮನೆಯಲ್ಲಿ ಅಡಕತ್ತರಿ ಇದೆಯೇ ಮೇಷ್ಟ್ರೇ? ಅದರ ತುಕ್ಕು ತೆಗೆಯಿರಿ" ಎಂದೆ.