ಹೊಟ್ಟೆ ಕರಗಿಸುವ ಉಪಕರಣಕ್ಕೆ ಹಣ ಹಾಕಬಹುದೇ?

ಓದುಗರ ಪ್ರಶ್ನೆ: ನನಗೆ 42 ವರ್ಷ, ದಿನವಿಡೀ ಕುಳಿತು ಮಾಡುವ ಕೆಲಸ. ಹೊಟ್ಟೆ ಮುಂದೆ ಬಂದಿದೆ. ಟೀವಿಯಲ್ಲಿ, ಮೊಬೈಲಿನಲ್ಲಿ ತೋರಿಸುವ ಹೊಟ್ಟೆಯ ವ್ಯಾಯಾಮದ ಉಪಕರಣಗಳಲ್ಲಿ ಒಂದನ್ನು ಕೊಂಡು ಮನೆಯಲ್ಲೇ ಬಳಸಿದರೆ ಬೊಜ್ಜು ಇಳಿಯುತ್ತದೆಯೇ?

ಉತ್ತರ: ನಿಮ್ಮ ಪ್ರಶ್ನೆಯೊಳಗೆ ಎರಡು ಆಸೆಗಳಿವೆ. ಹೊಟ್ಟೆಯ ಕೊಬ್ಬು ಇಳಿಯಬೇಕೆಂಬುದು ಒಂದಾದರೆ, ಅದರಡಿಯ ಸ್ನಾಯುಗಳು ಗಟ್ಟಿಯಾಗಬೇಕೆಂಬುದು ಇನ್ನೊಂದು. ಎರಡನೆಯದನ್ನು ಅಷ್ಟಿಷ್ಟು ಮಾಡಿಕೊಡಬಲ್ಲ ಸಾಮಾನನ್ನು ಮೊದಲನೆಯದರ ಹೆಸರು ಹೇಳಿ ಮಾರುವುದೇ ಈ ವ್ಯಾಪಾರದ ಗುಟ್ಟು. ಬೊಜ್ಜು ಇಳಿಸುವುದಕ್ಕಾಗಿಯೇ ಕೊಳ್ಳುವುದಾದರೆ, ಕೊಳ್ಳಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಕಾರಣ ಇಷ್ಟೇ. ಸ್ನಾಯು ಕೆಲಸ ಮಾಡುವಾಗ ತನ್ನ ಮೇಲೆ ಕುಳಿತಿರುವ ಕೊಬ್ಬನ್ನೇ ಕಿತ್ತು ಉರಿಸುವುದಿಲ್ಲ. ದೇಹದ ಎಲ್ಲ ಭಾಗಗಳ ಕೊಬ್ಬೂ ಕರಗಿ ರಕ್ತಕ್ಕೆ ಸೇರುತ್ತದೆ, ಬೇಕಾದ ಸ್ನಾಯು ಅಲ್ಲಿಂದ ಎತ್ತಿಕೊಳ್ಳುತ್ತದೆ. ಯಾವ ಭಾಗದ ಕೊಬ್ಬು ಮೊದಲು ಖಾಲಿಯಾಗಬೇಕೆಂಬುದನ್ನು ನಿರ್ಧರಿಸುವುದು ಅನುವಂಶೀಯತೆ ಮತ್ತು ಹಾರ್ಮೋನುಗಳೇ ಹೊರತು ನಿಮ್ಮ ವ್ಯಾಯಾಮವಲ್ಲ. ಇದನ್ನು ಅಳೆದೇ ನೋಡಿದ್ದಾರೆ. 1984ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 13 ಮಂದಿ ಗಂಡಸರು 27 ದಿನಗಳಲ್ಲಿ ತಲಾ ಐದು ಸಾವಿರಕ್ಕೂ ಹೆಚ್ಚು ಸಿಟ್-ಅಪ್ ಹೊಡೆದರು. ಆಮೇಲೆ ಹೊಟ್ಟೆ, ಬೆನ್ನು ಮತ್ತು ಪೃಷ್ಠದ ಕೊಬ್ಬಿನ ಮಾದರಿ ತೆಗೆದು ನೋಡಿದಾಗ, ಹೊಟ್ಟೆಯ ಕೊಬ್ಬಿನ ಜೀವಕೋಶಗಳು ಉಳಿದೆಡೆಗಿಂತ ಹೆಚ್ಚೇನೂ ಕುಗ್ಗಿರಲಿಲ್ಲ. 2011ರಲ್ಲಿ 24 ಜನರನ್ನು ಇಟ್ಟುಕೊಂಡು, ಆರು ವಾರ ಹೊಟ್ಟೆಯ ವ್ಯಾಯಾಮ ಮಾಡಿಸಿ ನಡೆಸಿದ ಇನ್ನೊಂದು ಅಧ್ಯಯನದಲ್ಲೂ ಹೊಟ್ಟೆಯ ಕೊಬ್ಬು ಕಡಿಮೆಯಾಗಲಿಲ್ಲ, ಸ್ನಾಯುಗಳ ತಾಳಿಕೆ ಮಾತ್ರ ಹೆಚ್ಚಿತು.

ಲೆಕ್ಕವೂ ನಮ್ಮ ಪರವಾಗಿಲ್ಲ. ಒಂದು ಕಿಲೋ ಕೊಬ್ಬೆಂದರೆ ಹೆಚ್ಚುಕಡಿಮೆ 7,700 ಕ್ಯಾಲೊರಿ. ಎಪ್ಪತ್ತು ಕಿಲೋ ತೂಕದವರು ಹತ್ತು ನಿಮಿಷ ಹೊಟ್ಟೆಯ ವ್ಯಾಯಾಮ ಮಾಡಿದರೆ ಖರ್ಚಾಗುವುದು ಸುಮಾರು 50 ಕ್ಯಾಲೊರಿ. ವ್ಯಾಯಾಮ ಮುಗಿಸಿ ಹೋಟೆಲಿಗೆ ಹೋಗಿ ಒಂದು ಉದ್ದಿನ ವಡೆ ತಿಂದರೆ ಅದರ ಎರಡರಷ್ಟು ವಾಪಸು ಬಂದಿರುತ್ತದೆ. ದಿನಕ್ಕೆ ಮೂರೇ ನಿಮಿಷ ಸಾಕೆಂಬ ಜಾಹೀರಾತುಗಳನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ. ಅಮೆರಿಕದಲ್ಲಿ ಆಬ್ ಸರ್ಕಲ್ ಪ್ರೊ ಎಂಬ ಉಪಕರಣವನ್ನು ಇದೇ ಮೂರು ನಿಮಿಷದ ಮಾತಿನಿಂದ, ಎರಡು ವಾರದಲ್ಲಿ ಹತ್ತು ಪೌಂಡ್ ಇಳಿಯುತ್ತದೆಂದು ಹೇಳಿ ಮಾರಿದ್ದರು. 2012ರಲ್ಲಿ ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಅದನ್ನು ಪ್ರಶ್ನಿಸಿತು, ಕೊಂಡವರಿಗೆ 1.5 ಕೋಟಿಯಿಂದ 2.5 ಕೋಟಿ ಡಾಲರಿನವರೆಗೆ ಹಿಂದಿರುಗಿಸುವುದೆಂದು ರಾಜಿಯಾಯಿತು.

ಇನ್ನು ಸ್ನಾಯುಗಳ ವಿಷಯ. ಬಲವಾದ ಹೊಟ್ಟೆಯ ಸ್ನಾಯು ಬೆನ್ನಿಗೆ ಆಸರೆ, ನಿಲುವಿಗೆ ಚೆಂದ. ಅದನ್ನು ಬಯಸುವುದರಲ್ಲಿ ತಪ್ಪಿಲ್ಲ. ಆದರೆ ಅದಕ್ಕೂ ಯಂತ್ರ ಬೇಕೇ? 2001ರಲ್ಲಿ ಅಮೆರಿಕನ್ ಕೌನ್ಸಿಲ್ ಆನ್ ಎಕ್ಸರ್ಸೈಜ್ ಸಂಸ್ಥೆಗಾಗಿ ಸ್ಯಾನ್ ಡಿಯಾಗೊ ಸ್ಟೇಟ್ ಯೂನಿವರ್ಸಿಟಿಯ ತಜ್ಞರು 13 ಬಗೆಯ ವ್ಯಾಯಾಮಗಳಲ್ಲಿ ಸ್ನಾಯು ಎಷ್ಟು ದುಡಿಯುತ್ತದೆಂದು ಎಲೆಕ್ಟ್ರೋಡ್ ಅಂಟಿಸಿ ಅಳೆದು ಹೋಲಿಸಿದರು. ಹೊಟ್ಟೆಯ ಮುಂಭಾಗದ ನೇರ ಸ್ನಾಯುವಿನ ಮಟ್ಟಿಗೆ ಮೊದಲ ಸ್ಥಾನ ಬಂದದ್ದು ಯಾವ ಉಪಕರಣಕ್ಕೂ ಅಲ್ಲ. ಅಂಗಾತ ಮಲಗಿ ಸೈಕಲ್ ತುಳಿದಂತೆ ಕಾಲಾಡಿಸುತ್ತ, ಮೊಣಕೈಯನ್ನು ಎದುರು ಮೊಣಕಾಲಿನತ್ತ ತರುವ ಕ್ರಂಚಿಗೆ. ಕುಳಿತು ತೂಗುವ ಆಬ್ ರಾಕರ್ ಕೊನೆಯಲ್ಲಿತ್ತು.

ಅದೇಕೆ ಹಾಗೆ ಎಂಬುದು ನನಗೆ ಅರ್ಥವಾದದ್ದು ನೆಂಟರ ಮನೆಯಲ್ಲಿದ್ದ ಸ್ಪ್ರಿಂಗಿನ ಉಪಕರಣವೊಂದರ ಮೇಲೆ ಕುಳಿತಾಗ. ಇಪ್ಪತ್ತು ಸಲ ಸಲೀಸಾಗಿ ಎದ್ದು ಬಿದ್ದೆ. ಹಿಡಿಕೆಯನ್ನು ಬಿಟ್ಟು ಮತ್ತೆ ಪ್ರಯತ್ನಿಸಿದರೆ ಎಂಟನೆಯದಕ್ಕೇ ಹೊಟ್ಟೆ ನಡುಗಿತು. ಅಲ್ಲಿಯವರೆಗೆ ಎತ್ತುತ್ತಿದ್ದದ್ದು ತೋಳು, ವಾಪಸು ತಳ್ಳುತ್ತಿದ್ದದ್ದು ಸ್ಪ್ರಿಂಗು. ಹೊಟ್ಟೆ ಪ್ರಯಾಣಿಕನಂತೆ ಸುಮ್ಮನೆ ಕುಳಿತಿತ್ತು.

ಬೆವರು ಬರಿಸುವ ರಬ್ಬರಿನ ಪಟ್ಟಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಇಳಿಯುವುದು ನೀರು, ಎರಡು ಲೋಟ ಕುಡಿದರೆ ಮತ್ತೆ ಸೇರುತ್ತದೆ. ಚರ್ಮದ ಮೂಲಕ ಸಣ್ಣಗೆ ವಿದ್ಯುತ್ ಹರಿಸುವ ಬೆಲ್ಟು ಸ್ನಾಯುವನ್ನು ಬಿಗಿಯುವಂತೆ ಮಾಡುತ್ತದೆ, ಆದರೆ ಕೊಬ್ಬನ್ನು ಕರಗಿಸುವುದಿಲ್ಲ. ಪೇಸ್‌ಮೇಕರ್ ಇರುವವರು ಮತ್ತು ಗರ್ಭಿಣಿಯರು ಅದನ್ನು ಮುಟ್ಟಲೇಬಾರದು. ಹರ್ನಿಯಾ ಅಥವಾ ಡಿಸ್ಕ್ ತೊಂದರೆ ಇರುವವರು, ಇತ್ತೀಚೆಗೆ ಹೆರಿಗೆಯಾದವರು ಯಾವ ಹೊಟ್ಟೆ ವ್ಯಾಯಾಮವನ್ನೂ ವೈದ್ಯರನ್ನು ಕೇಳದೆ ತೊಡಗಬಾರದು.

ಹಣ ಹಾಕುವುದೇ ಆದರೆ ಮೊದಲು ಒಂದು ಅಳತೆ ಟೇಪು ಕೊಳ್ಳಿ. ಪ್ಯಾಂಟಿನ ಸೈಜು 34 ಎಂದು ಸಮಾಧಾನಪಟ್ಟುಕೊಳ್ಳಬೇಡಿ. ಹೊಟ್ಟೆ ಬಂದವರ ಪ್ಯಾಂಟು ಹೊಟ್ಟೆಯ ಕೆಳಗೆ ನಿಂತಿರುತ್ತದೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಉಸಿರು ಬಿಟ್ಟ ಮೇಲೆ ಅಳೆಯಬೇಕು. ನಮ್ಮ ದೇಶದ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರು ಎಚ್ಚರಿಕೆಯ ಗೆರೆ, ಏಕೆಂದರೆ ಅದನ್ನು ದಾಟಿದರೆ ಕರುಳುಗಳ ಸುತ್ತಲೂ ಕೊಬ್ಬು ಸೇರಿರುವ ಸಾಧ್ಯತೆ ಹೆಚ್ಚು, ಮಧುಮೇಹಕ್ಕೆ ದಾರಿ ಮಾಡುವುದೂ ಅದೇ. ಆ ಗೆರೆಯಿಂದ ಕೆಳಗಿಳಿಯಲು ವಾರಕ್ಕೆ 150 ನಿಮಿಷವಾದರೂ ಬಿರುಸಿನ ನಡಿಗೆ ಬೇಕು, ತಟ್ಟೆಯಲ್ಲಿ ಅನ್ನ ಮತ್ತು ಎಣ್ಣೆ ಕಡಿಮೆಯಾಗಬೇಕು.

ಇದೆಲ್ಲ ನಡೆಯುತ್ತಿರುವಾಗ ಸ್ನಾಯುವಿಗೂ ಕೆಲಸ ಕೊಡಬೇಕೆನಿಸಿದರೆ, ನಾನು ಒಪ್ಪುವ ಉಪಕರಣ ಒಂದೇ: ಎರಡೂ ಕೈಯಲ್ಲಿ ಹಿಡಿದು ಉರುಳಿಸುವ ಚಕ್ರ. ಕೆಲವೇ ನೂರು ರೂಪಾಯಿ, ಕೆಡುವ ಭಾಗವೂ ಇಲ್ಲ. ಮೊಣಕೈಯೂರಿ ನೇರ ಹಲಗೆಯಂತೆ ನಿಲ್ಲುವ ಪ್ಲ್ಯಾಂಕಿನಲ್ಲಿ ಒಂದು ನಿಮಿಷ ಬೆನ್ನು ಬಾಗದಂತೆ ನಿಲ್ಲಲು ಬಂದಮೇಲೆ ಕೊಳ್ಳಿ. ಅದಕ್ಕೂ ಮುಂಚೆ ಕೊಂಡರೆ ಪೆಟ್ಟು ಬೀಳುವುದು ನಡುವಿಗೆ. ಮೊಣಕಾಲಿನಡಿ ಜಮಖಾನ ಮಡಿಸಿ ಹಾಸಿ, ಗೋಡೆಗೆ ಎದುರಾಗಿ ಮಂಡಿಯೂರಿ, ಚಕ್ರ ಗೋಡೆಗೆ ತಾಗಿ ನಿಲ್ಲುವಷ್ಟು ದೂರವನ್ನೇ ಇಟ್ಟುಕೊಳ್ಳಿ. ಹತ್ತು ಸಲ ಉರುಳಿಸಿ ಹಿಂದಕ್ಕೆ ತರುವಾಗಲೂ ನಡು ಕುಸಿಯದಿದ್ದರೆ, ಮುಂದಿನ ವಾರ ಗೋಡೆಯಿಂದ ಒಂದು ಗೇಣು ಹಿಂದೆ ಸರಿಯಿರಿ.