ರೋಮ್ ಮುಗಿಯಿತು ಅಂತ ಮಧ್ಯಯುಗದವರಿಗೆ ಗೊತ್ತಿತ್ತಾ?

ಪ್ರಶ್ನೆ: ಕ್ರಿ.ಶ. 476ರಲ್ಲಿ ರೋಮ್ ಸಾಮ್ರಾಜ್ಯ ಬಿತ್ತು ಅಂತ ಶಾಲೆಯಲ್ಲಿ ಓದಿದ್ದೇವೆ. ಆಮೇಲಿನ ಯುರೋಪಿನ ಜನ ತಮ್ಮದು ಬೇರೆಯೇ ಕಾಲ ಅಂದುಕೊಂಡಿದ್ದರಾ?

ಉತ್ತರ: ಓದು ಬರಹ ಬಲ್ಲವರಲ್ಲಿ ಹೆಚ್ಚಿನವರು ಹಾಗೆ ಅಂದುಕೊಂಡಿರಲಿಲ್ಲ. ಅವರ ಲೆಕ್ಕದಲ್ಲಿ ರೋಮ್ ಇನ್ನೂ ನಡೆಯುತ್ತಲೇ ಇತ್ತು. 800ರ ಕ್ರಿಸ್‌ಮಸ್ ದಿನ ಪೋಪ್ ಮೂರನೇ ಲಿಯೋ ಫ್ರಾಂಕರ (ಇಂದಿನ ಫ್ರಾನ್ಸ್, ಜರ್ಮನಿ ಕಡೆಯ ಜನ) ದೊರೆ ಶಾರ್ಲಮೇನನಿಗೆ ಕಿರೀಟ ತೊಡಿಸಿದ್ದು ರೋಮನ್ನರ ಚಕ್ರವರ್ತಿ ಅಂತಲೇ. 12ನೇ ಶತಮಾನದಲ್ಲಿ ಚರಿತ್ರೆ ಬರೆದ ಜರ್ಮನಿಯ ಬಿಷಪ್ ಓಟೊ, ರೋಮಿನ ಮೊದಲ ಚಕ್ರವರ್ತಿ ಆಗಸ್ಟಸ್‌ನಿಂದ ಹಿಡಿದು ತನ್ನ ಕಾಲದ ಜರ್ಮನ್ ದೊರೆಗಳವರೆಗೆ ಒಂದೇ ಸಾಲು ಎಣಿಸುತ್ತಾನೆ.

ಇದು ಬರೀ ಹೆಮ್ಮೆಯ ಮಾತಲ್ಲ, ಇದರ ಹಿಂದೆ ಭಯವೂ ಇತ್ತು. ಬೈಬಲಿನ ದಾನಿಯೇಲನ ಗ್ರಂಥದಲ್ಲಿ ಒಂದರ ಹಿಂದೊಂದು ನಾಲ್ಕು ರಾಜ್ಯಗಳು ಬರುತ್ತವೆ. ನಾಲ್ಕನೆಯದು ರೋಮ್, ಅದು ಮುಗಿದರೆ ಲೋಕವೇ ಮುಗಿಯುತ್ತದೆ ಅಂತ ನಂಬಿದ್ದರು. ಲೋಕ ಇನ್ನೂ ಇದೆ ಅಂದಮೇಲೆ ರೋಮ್ ಕೂಡ ಇರಲೇಬೇಕಲ್ವಾ?

ಸಂತ ಅಗಸ್ಟೀನ್ ಲೋಕದ ಆಯುಸ್ಸನ್ನು ಆರು ಯುಗಗಳಾಗಿ ಹಂಚಿದ್ದ. ಆರನೆಯದು ಕ್ರಿಸ್ತನಿಂದ ಶುರು, ಅದೇ ಕೊನೆಯದು. ಹಾಗಾಗಿ ತಾವಿರುವುದು ಲೋಕದ ಮುಪ್ಪಿನಲ್ಲಿ ಅನ್ನುವುದು ಅವರ ನಂಬಿಕೆ.

ಈ ಲೆಕ್ಕ ಅವರಿಗೆ ಎಷ್ಟು ದೊಡ್ಡದು ಅನ್ನುವುದಕ್ಕೆ ಬೀಡ್‌ನ ಕಥೆ ಕೇಳಿ. ಆತ ಉತ್ತರ ಇಂಗ್ಲೆಂಡಿನ ಸನ್ಯಾಸಿ. ಸೃಷ್ಟಿಯಿಂದ ಕ್ರಿಸ್ತನವರೆಗೆ ಸುಮಾರು 5,200 ವರ್ಷ ಅಂತ ಆಗ ಎಲ್ಲರ ಎಣಿಕೆ. ಹೀಬ್ರೂ ಬೈಬಲಿನ ಎಣಿಕೆ ಹಿಡಿದ ಬೀಡ್ 3,952 ಅಂದ. ಯುಗವೊಂದಕ್ಕೆ ಸಾವಿರ ವರ್ಷ ಅಂತ ನಂಬಿದವರಿಗೆ ಇದು ದೊಡ್ಡ ಆಘಾತ: ಹಾಗಾದರೆ ಕ್ರಿಸ್ತ ಆರನೇ ಯುಗದಲ್ಲಿ ಹುಟ್ಟಲೇ ಇಲ್ಲವೇ! ಬಿಷಪ್ ವಿಲ್ಫ್ರಿಡ್ ಇದ್ದ ಔತಣದಲ್ಲೇ ಬೀಡ್‌ನನ್ನು ಧರ್ಮದ್ರೋಹಿ ಅಂದರು. ಸಿಟ್ಟಿಗೆದ್ದ ಬೀಡ್ 708ರಲ್ಲಿ ಉದ್ದದ ಪತ್ರ ಬರೆದ. ಲೋಕ ಇನ್ನೆಷ್ಟು ವರ್ಷ ಇರುತ್ತದೆ ಅಂತ ಲೆಕ್ಕ ಹಾಕುವುದೇ ತಪ್ಪು ಅಂದ. 725ರಲ್ಲಿ ಮತ್ತೆ ಅದೇ 3,952 ಬರೆದ. ಆ ಗಟ್ಟಿತನ ನನಗೆ ತುಂಬಾ ಇಷ್ಟ. ಕ್ರಿಸ್ತಶಕದ ಎಣಿಕೆ ಚರಿತ್ರೆಯ ಬರವಣಿಗೆಯಲ್ಲಿ ಬೇರೂರಿದ್ದಕ್ಕೂ ಬೀಡ್ 731ರಲ್ಲಿ ಮುಗಿಸಿದ ಇಂಗ್ಲೆಂಡಿನ ಚರ್ಚಿನ ಇತಿಹಾಸವೇ ದೊಡ್ಡ ಕಾರಣ.

ಹಳೆಯ ಕಾಲ ತಮ್ಮದೇ ಕಾಲದ ಮುಂದುವರಿಕೆ ಅಂದಮೇಲೆ ಅದು ಹತ್ತಿರದ್ದೇ ಅನ್ನಿಸುತ್ತಿತ್ತು. ಫ್ರಾಂಕರು ತಮ್ಮ ಮೂಲ ಹಳೆಯ ಗ್ರೀಕ್ ಕಥೆಗಳಲ್ಲಿ ಬರುವ ಟ್ರಾಯ್ ನಗರ ಅಂದರು. ಚಿತ್ರಗಾರರು ಟ್ರಾಯ್ ವೀರರಿಗೆ ತಮ್ಮ ಕಾಲದ ನೈಟ್‌ಗಳ ಕವಚವನ್ನೇ ತೊಡಿಸಿದರು.

ನಡುವೆ ದೊಡ್ಡ ಬಿರುಕಿದೆ ಅಂತ ಜೋರಾಗಿ ಹೇಳಿದವನು 14ನೇ ಶತಮಾನದ ಇಟಲಿಯ ಕವಿ ಪೆಟ್ರಾರ್ಕ್. ಹಳೆಯ ರೋಮಿನ ಬೆಳಕು ಆರಿಹೋಗಿ ಕತ್ತಲು ಕವಿದಿದೆ, ತಾನೂ ಅದರಲ್ಲೇ ಇದ್ದೇನೆ ಅಂತ ಅವನ ಸಂಕಟ. ಪ್ರಾಚೀನ, ಮಧ್ಯ, ಹೊಸದು ಅನ್ನುವ ಮೂರು ಪಾಲು ಪಠ್ಯಪುಸ್ತಕಗಳಲ್ಲಿ ನೆಲೆಯಾಗಿದ್ದು ಇನ್ನೂ ತಡವಾಗಿ, 17ನೇ ಶತಮಾನದ ಕೊನೆಗೆ, ಜರ್ಮನಿಯ ಸೆಲ್ಲಾರಿಯಸ್ ಎಂಬ ವಿದ್ವಾಂಸನ ಪುಸ್ತಕಗಳಿಂದ.